ಅಪ್ಪ ಮಲಗಿದ್ದಾನೆ

ಶ್ಟಿಪ್ ಸೇನಾ ಶಿಬಿರ
12 ಅಕ್ಟೋಬರ್ 1981

ಪ್ರಿಯ ನಿವೆಸ್,

ಬಂದ ದಿನವೇ ತಲೆ ಬೋಳಿಸಿದರು. ನಮ್ಮ ಬ್ಯಾಂಡಿನ ಪೋಸ್ಟರಿನಲ್ಲಿ ನನ್ನ ಹಣೆ ಮುಚ್ಚಿಕೊಂಡಿದ್ದ ಆ ಕೂದಲು ಈಗ ಮ್ಯಾಸಿಡೋನಿಯಾದ ಯಾವುದೋ ಕಸದ ತೊಟ್ಟಿಯಲ್ಲಿದೆ. ಕನ್ನಡಿ ನೋಡಿಕೊಂಡರೆ ನಮ್ಮ ಸೋದರಮಾವನೇ ಎದುರು ನಿಂತ ಹಾಗಾಯಿತು. ಸಮುದ್ರವಿಲ್ಲದ ಊರು ಇದು. ಬೆಳಗ್ಗೆ ಎದ್ದರೆ ಯಾವ ಕಡೆ ಮುಖ ಮಾಡಿ ನಿಲ್ಲಬೇಕೆಂದೇ ಗೊತ್ತಾಗುವುದಿಲ್ಲ.

ಪಕ್ಕದ ಮಂಚದವನು ರಾಸಿಮ್, ಬೋಸ್ನಿಯಾದವನು, ಉಕ್ಕಿನ ಕಾರ್ಖಾನೆಯಲ್ಲಿದ್ದವನು. ನೀನೇನು ಮಾಡುತ್ತಿದ್ದೆ ಎಂದು ಕೇಳಿದ. ಹಾಡು ಬರೆಯುತ್ತಿದ್ದೆ, ಹಾಡುತ್ತಿದ್ದೆ ಎಂದೆ. "ಅದು ಸರಿ ಕಣೋ, ಹೊಟ್ಟೆಪಾಡಿಗೆ ಏನ್ಮಾಡ್ತಿದ್ದೆ?" ಎಂದ. ನಮ್ಮ 'ಸುಹಿ ದೋಕ್' ಬ್ಯಾಂಡಿನ ಹೆಸರನ್ನೇ ಅವನು ಕೇಳಿಲ್ಲ. ಹಡಗು ರಿಪೇರಿಯ ಕಟ್ಟೆಯ ಹೆಸರನ್ನು ಹಾಡುವವರು ಯಾಕೆ ಇಟ್ಟುಕೊಂಡಿರಿ ಎಂದು ನಕ್ಕ. ಒಳ್ಳೆಯ ಹುಡುಗ.

ಕಡ್ಡಾಯ ಸೇವೆ ಹದಿನೈದು ತಿಂಗಳು. 83ರ ಜನವರಿಗೆ ಬಂದುಬಿಡುತ್ತೇನೆ. ನಾನು ಬರುವವರೆಗೆ ಆಲ್ಬಮ್ಮಿಗೆ ಕೈ ಹಾಕುವುದಿಲ್ಲವೆಂದು ರೈಲು ಹತ್ತಿಸುವಾಗ ಎರ್ವಿನ್ ಮಾತು ಕೊಟ್ಟಿದ್ದಾನೆ, ನೀನು ಪಕ್ಕದಲ್ಲೇ ನಿಂತಿದ್ದೆ. ಅಲ್ಲಿಯವರೆಗೆ ನೀನು ಅವನನ್ನು ಹಿಡಿತದಲ್ಲಿಟ್ಟುಕೊಂಡಿರು. ಗಿಟಾರ್ ಕೈಗೆ ಸಿಕ್ಕರೆ ನಿಲ್ಲಿಸುವುದೇ ಗೊತ್ತಿಲ್ಲ ಅವನಿಗೆ. ಬೆಪೊ ಡ್ರಮ್ಮನ್ನು ಮೆಲ್ಲಗೆ ಬಡಿಯುವುದನ್ನು ಕಲಿಯಲಿ. ಕೀಬೋರ್ಡಿನ ಮೇಲೆ ನಿನ್ನ ಬೆರಳುಗಳು ಎಲ್ಲಿರಬೇಕೆಂದು ನಾನು ಬರೆದುಕೊಟ್ಟಿದ್ದೇನೆ, ಹಾಗೆಯೇ ಇರಲಿ.

ನಿನ್ನ
ಲಿವಿಯೊ

ರಿಯೆಕಾ
3 ನವೆಂಬರ್ 1981

ಬೋಳು ತಲೆಯವನೇ,

ನಿನ್ನ ಪತ್ರವನ್ನು ಅಭ್ಯಾಸದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಗಿಟಾರಿನ ಮಾತು ಬಂದಾಗ ಎರ್ವಿನ್ ಕಿವಿ ಮುಚ್ಚಿಕೊಂಡ.

ನಾನೂ ಅವನೂ ಇಟಲಿಯ ತ್ರಿಯೆಸ್ತೆಗೆ ಹೋಗಿ ಹಳೆಯದೊಂದು ಸಿಂಥಸೈಜರ್ ತಂದೆವು. ಗಡಿಯಲ್ಲಿ ಕಸ್ಟಮ್ಸ್‌ನವನು ಇದೇನೆಂದು ಕೇಳಿದ, ಅಕ್ಕನ ಮಗುವಿನ ಆಟದ ಸಾಮಾನು ಎಂದೆ. ಒಂದು ಕೀಲಿ ಒತ್ತಿ ನೋಡಿದ. ಮುಖ ಸಪ್ಪೆ ಮಾಡಿಕೊಂಡು, "ಪಾಪ, ಮಗು ದೊಡ್ಡದಾದ್ಮೇಲೆ ಏನು ಗತಿ" ಎಂದು ಬಿಟ್ಟುಬಿಟ್ಟ. ಜೊತೆಗೆ ತಂದಿದ್ದ ಕಾಫಿಪುಡಿ ಮಾತ್ರ ಕಿತ್ತುಕೊಂಡ.

ಜಾಗ್ರೆಬಿನ ಕಂಪನಿಯಿಂದ ವ್ಲಾತ್ಕೊ ಬಂದಿದ್ದ, ಆಲ್ಬಮ್ ಮಾಡಿಸುವವನು. ನವೆಂಬರಿನಲ್ಲೂ ಕಾಲುಚೀಲವಿಲ್ಲದೆ ಬೂಟು ಹಾಕುತ್ತಾನೆ. ನೀನು ಯಾವಾಗ ಬರುತ್ತೀಯೆಂದು ಕೇಳಿದ, ಹೇಳಿದೆವು. ಬೆರಳು ಮಡಚಿ ತಿಂಗಳು ಎಣಿಸಿದ. ಅಮ್ಮ ಮಾಡಿದ ಮೀನಿನ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡ, ಹೋದ. ಅಷ್ಟೇ.

'ಮೆಲ್ಲಗೆ' ಹಾಡಿನ ಮೂರನೆಯ ಚರಣ ನನ್ನ ಹತ್ತಿರ ಇಲ್ಲ. ಕಳಿಸುತ್ತೀಯಾ? ಸುಮ್ಮನೆ, ಅಭ್ಯಾಸಕ್ಕೆ.

ನಿವೆಸ್

ಶ್ಟಿಪ್
24 ನವೆಂಬರ್ 1981

ನಿವೆಸ್,

ನೀವು ಅಭ್ಯಾಸ ಬಿಟ್ಟಿಲ್ಲವೆಂದು ಓದಿ ಮನಸ್ಸಿಗೆ ಎಷ್ಟು ಸಮಾಧಾನವಾಯಿತೆಂದರೆ, ಅಂದು ಶಿಬಿರದ ಬೀನ್ಸ್ ಸಾರನ್ನೂ ರುಚಿಯಾಗಿದೆ ಎಂದುಕೊಂಡು ಉಂಡೆ.

ಚರಣ ಇಲ್ಲಿದೆ:

ಬೂಟು ಕೈಯಲ್ಲಿ, ಚಮಚ ಬಟ್ಟೆಯಲ್ಲಿ,
ನಲ್ಲಿಯ ನೀರು ನೂಲಿನಷ್ಟು ಸಣ್ಣಗೆ,
ಮೆಲ್ಲಗೆ, ಮೆಲ್ಲಗೆ,
ಅಪ್ಪ ಮಲಗಿದ್ದಾನೆ.

ಈ ಹಾಡು ಎಲ್ಲಿಂದ ಬಂತೆಂದು ನಿಮಗೆ ಯಾರಿಗೂ ಹೇಳಿರಲಿಲ್ಲ. ಅಪ್ಪ ಹಡಗುಕಟ್ಟೆಯಲ್ಲಿ ವೆಲ್ಡರ್, ವರ್ಷಗಟ್ಟಲೆ ರಾತ್ರಿ ಪಾಳಿ. ಹಗಲೆಲ್ಲ ಮಲಗುತ್ತಿದ್ದ. ನಮ್ಮದು ಒಂದೇ ಕೋಣೆ, ಒಂದು ಅಡುಗೆಮನೆ. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಎಲ್ಲ ಮಾತೂ ಪಿಸುಮಾತೇ. ಬೈಗುಳವೂ ಪಿಸುಮಾತು, ನಗುವೂ ಪಿಸುಮಾತು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಹೆಣ ಹೊರಗೆ ಹೋದ ಮೇಲೆ ಅಮ್ಮ ಕಿಟಕಿಯಿಂದ ಬಗ್ಗಿ ಯಾರನ್ನೋ ಕೂಗಿ ಕರೆದಳು. ಅದು ಅವಳ ದನಿಯೆಂದು ನನಗೆ ಗೊತ್ತೇ ಆಗಲಿಲ್ಲ, ಯಾರೋ ಬೇರೆ ಹೆಂಗಸು ಮನೆಯೊಳಗೆ ಬಂದಿದ್ದಾಳೆಂದುಕೊಂಡೆ.

ಅದಕ್ಕೇ ಈ ಹಾಡನ್ನು ಕಿರುಚಿ ಹಾಡಬೇಕು ಅನ್ನುವುದು. ಗಂಟಲು ಹರಿಯುವ ಹಾಗೆ. ಅಷ್ಟು ವರ್ಷ ಕಿರುಚದೆ ಇದ್ದದ್ದೆಲ್ಲ ಒಟ್ಟಿಗೆ ಬರಬೇಕು. ಬೇರೆ ಯಾವ ಹಾಡನ್ನು ಏನು ಬೇಕಾದರೂ ಮಾಡಿಕೊಳ್ಳಿ, ಇದನ್ನು ಮಾತ್ರ ನನಗೆ ಬಿಡಿ.

ಲಿವಿಯೊ

ಜಾಗ್ರೆಬ್
14 ಜನವರಿ 1982

ಲಿವಿಯೊ,

ತಡವಾಯಿತು, ಬೈಯಬೇಡ. ಚಿಕ್ಕಮ್ಮ ಕಾಲು ಮುರಿದುಕೊಂಡಿದ್ದಾಳೆ, ಅವಳ ಮನೆಯಲ್ಲಿದ್ದೇನೆ. ಇಲ್ಲಿ ಮೊಣಕಾಲುದ್ದ ಹಿಮ. ನೆಗಡಿಯಾಗಿ ದನಿಯೇ ಹೊರಡುತ್ತಿಲ್ಲ. ಎರ್ವಿನ್ ಕೂಡ ಈ ಊರಿನಲ್ಲೇ ಇದ್ದಾನೆ, ಏನೋ ಪರೀಕ್ಷೆಯಂತೆ.

ನಿನ್ನ ಅಪ್ಪನ ವಿಷಯ ಓದಿದೆ. ನಾಲ್ಕು ವರ್ಷ ಒಂದೇ ನೆಲಮಾಳಿಗೆಯಲ್ಲಿ ಕೂತವರು ನಾವು. ಒಮ್ಮೆಯೂ ಹೇಳಲಿಲ್ಲವಲ್ಲ.

ಮೈ ಹುಷಾರು.

ನಿವೆಸ್

ಶ್ಟಿಪ್
2 ಫೆಬ್ರವರಿ 1982

ನಿವೆಸ್,

ಎರ್ವಿನ್‌ಗೆ ಪರೀಕ್ಷೆಯೇ? ಅವನು ಪುಸ್ತಕ ಮುಟ್ಟುವುದು ಕುಂಟುವ ಮೇಜಿನ ಕಾಲಿಗೆ ಇಡುವಾಗ ಮಾತ್ರ. ನೀನೂ ಅವನೂ ಜಾಗ್ರೆಬಿನಲ್ಲಿ, ಚಿಕ್ಕಮ್ಮನ ಕಾಲು ಮುರಿದಿದೆ. ಮಾರಾಯ್ತಿ, ನಾನೇನು ಸಣ್ಣ ಮಗುವೇ? ರಾಸಿಮ್‌ಗೆ ಓದಿ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. "ಮದುವೆ ಊಟ ತಪ್ಪಿತು ಬಿಡು ನಿಂಗೆ" ಎಂದ.

ನೇರವಾಗಿ ಹೇಳಬಹುದಿತ್ತು, ನಾನು ಅಡ್ಡ ಬರುವವನಲ್ಲ. ಸ್ವಲ್ಪ ಚುಚ್ಚಿತು, ಸುಳ್ಳೇಕೆ ಹೇಳಲಿ. ಆದರೆ ಇಬ್ಬರೂ ಚೆನ್ನಾಗಿರಿ. ಉಡುಗೊರೆಯಾಗಿ ಒಂದು ಹೊಸ ಹಾಡು ಕಳಿಸುತ್ತಿದ್ದೇನೆ. ಪಹರೆ ನಿಂತಾಗ ಹೊಳೆದದ್ದು, ಹೆಸರು 'ಹಗಲು ನಿದ್ದೆ'. ರಾಗವನ್ನು ಕೆಳಗೆ ಬರೆದಿದ್ದೇನೆ. ನಮ್ಮ ಆಲ್ಬಮ್ಮಿಗೆ ಇದೇ ಹೆಸರು ಸರಿಹೊಂದಬಹುದು ಅನಿಸುತ್ತದೆ. ನಾನು ಬಂದ ಮೇಲೆ ಕೂತು ಮಾತಾಡೋಣ.

ಲಿವಿಯೊ

ಶ್ಟಿಪ್
28 ಮಾರ್ಚ್ 1982

ನಿವೆಸ್,

ಇಲ್ಲಿ ವಿಶೇಷವೇನೂ ಇಲ್ಲ. ಬಾದಾಮಿ ಮರಗಳು ಹೂ ಬಿಟ್ಟಿವೆ. ಚಿಕ್ಕಮ್ಮನ ಕಾಲು ಹೇಗಿದೆ?

ಈ ತಿಂಗಳು ನೆಲಮಾಳಿಗೆಯಲ್ಲಿ ಅಭ್ಯಾಸ ನಡೆಯಿತೇ? ಯಾವ ಯಾವ ಹಾಡು? ಬಿಡುವಾದಾಗ ಬರೆ.

ಲಿವಿಯೊ

ರಿಯೆಕಾ
9 ಏಪ್ರಿಲ್ 1982

ಲಿವಿಯೊ,

ಎಷ್ಟು ಚಿಕ್ಕ ಪತ್ರ. ಬೇಜಾರಾಗಿದ್ದೀಯಾ? ಕವಾಯತಿನಲ್ಲಿ ಜೀವ ಹಿಂಡುತ್ತಿರಬೇಕು.

ಚಿಕ್ಕಮ್ಮ ನಡೆದಾಡುತ್ತಿದ್ದಾಳೆ. ಅಭ್ಯಾಸ ನಡೆದಿದೆ, ಪ್ರತಿ ಮಂಗಳವಾರ ನೆಲಮಾಳಿಗೆಯಲ್ಲೇ, ಮಾರ್ಚಿನಲ್ಲಿ ಒಂದು ವಾರವೂ ತಪ್ಪಿಸಲಿಲ್ಲ. ಪಕ್ಕದ ಬೇಕರಿಯ ಮಾರಿಯುಚಾ ಎಂದಿನಂತೆ ಗೋಡೆ ಬಡಿಯುತ್ತಾಳೆ. ನಿನ್ನ ಹಾಡುಗಳನ್ನೆಲ್ಲ ಒಮ್ಮೊಮ್ಮೆ ನುಡಿಸಿ ಇಡುತ್ತೇವೆ. ಎರ್ವಿನ್‌ಗೂ ನನಗೂ ಏನೂ ಇಲ್ಲ, ತಲೆ ಕೆಡಿಸಿಕೊಳ್ಳಬೇಡ.

ನಿವೆಸ್

ರಿಯೆಕಾ
25 ಮೇ 1982

ಲಿವಿಯೊ,

ಈ ಪತ್ರದ ಜೊತೆಗಿರುವ ಪೊಟ್ಟಣವನ್ನು ಪತ್ರ ಓದಿದ ಮೇಲೆ ಬಿಚ್ಚು.

ಆಲ್ಬಮ್ ಆಗಿದೆ. ಹೆಸರು 'ಹಗಲು ನಿದ್ದೆ'. ಮುಂದಿನ ವಾರದಿಂದ ರೇಡಿಯೊದಲ್ಲಿ ಬರುತ್ತದೆ. ರೇಡಿಯೊದಿಂದ ತಿಳಿಯುವುದಕ್ಕಿಂತ ನನ್ನಿಂದ ತಿಳಿಯಲಿ.

ವ್ಲಾತ್ಕೊ ಡಿಸೆಂಬರಿನಲ್ಲಿ ಮತ್ತೆ ಬಂದ. ಹೊಸ ಅಲೆಯ ಸಂಗೀತ ಅಂತ ಈಗ ಎಲ್ಲರೂ ಕುಣಿಯುತ್ತಿದ್ದಾರೆ, 83ರ ಹೊತ್ತಿಗೆ ಈ ಹುಡುಗರೆಲ್ಲ ಮತ್ತೆ ತಲೆ ಬಾಚಿಕೊಂಡು ಬೇರೆ ಏನನ್ನೋ ಕೇಳುತ್ತಿರುತ್ತಾರೆ, ಆಗ ನಿಮ್ಮನ್ನು ಯಾರೂ ಮೂಸುವುದಿಲ್ಲ ಎಂದ. ಯಾರೋ ಬರಲಿಲ್ಲವೆಂದು ಜನವರಿಯಲ್ಲಿ ಸ್ಟುಡಿಯೊ ಖಾಲಿಯಿತ್ತು. ಈಗ ಇಲ್ಲವೆಂದರೆ ಒಪ್ಪಂದವೂ ಇಲ್ಲ ಎಂದ. ಎರ್ವಿನ್ ಆಗಲೇ ಒಪ್ಪಿದ. ಬೆಪೊ ಮಾರನೆಯ ದಿನ. ನಾನು ಒಂದು ವಾರ ತೆಗೆದುಕೊಂಡೆ.

ಮೊದಲು ಎರ್ವಿನ್ ಹಾಡಿದ, ಕೇಳಲಾಗಲಿಲ್ಲ. ಬೇರೆ ಯಾರನ್ನಾದರೂ ಕರೆಸುವವರೆಗೆ ಜಾಗ ಹಿಡಿದಿಡಲು ನೀನು ಹಾಡು ಎಂದು ವ್ಲಾತ್ಕೊ ನನ್ನನ್ನು ನಿಲ್ಲಿಸಿದ. ನನಗೆ ನೆಗಡಿ, ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು. 'ಮೆಲ್ಲಗೆ' ಹಾಡನ್ನು ಹಾಗೆಯೇ ಪಿಸುಗುಟ್ಟಿದೆ. ಅವನು ಟೇಪು ನಿಲ್ಲಿಸಿ ಗಾಜಿನ ಹತ್ತಿರ ಬಂದ. "ಇನ್ನೊಂದ್ಸಲ. ಹೀಗೇ. ಗಂಟಲಿಗೆ ಏನೂ ಕುಡೀಬೇಡ" ಎಂದ. ಬೆಪೊನ ಡ್ರಮ್ ಜೋರಾಯಿತೆಂದು ಅದನ್ನು ತೆಗೆಸಿ ರಟ್ಟಿನ ಪೆಟ್ಟಿಗೆಯ ಮೇಲೆ ಬಡಿಸಿದ. ಎರ್ವಿನ್‌ಗೆ ಇಡೀ ಹಾಡಿನಲ್ಲಿ ನಾಲ್ಕೇ ಸ್ವರ ಬಿಟ್ಟ. ನೀನು ಇದ್ದಿದ್ದರೆ ಅದಕ್ಕಾದರೂ ಸಂತೋಷಪಡುತ್ತಿದ್ದೆ.

ಒಂದು ಪದ ಬದಲಾಗಿದೆ. 'ಅಪ್ಪ ಮಲಗಿದ್ದಾನೆ' ಇದ್ದದ್ದು 'ಅವನು ಮಲಗಿದ್ದಾನೆ' ಎಂದಾಗಿದೆ. ಹೆಣ್ಣು ದನಿಯಲ್ಲಿ ಅದೇ ಸರಿ ಎಂದು ವ್ಲಾತ್ಕೊ ಹಟ ಹಿಡಿದ. ಈಗ ಅದು ಪ್ರೇಮಗೀತೆಯ ಹಾಗೆ ಕೇಳಿಸುತ್ತದೆ.

ರೆಕಾರ್ಡಿನ ಹೊದಿಕೆಯ ಮೇಲೆ ಹಾಡು ಬರೆದವರ ಹೆಸರು 'ಸುಹಿ ದೋಕ್' ಎಂದಷ್ಟೇ ಇದೆ. ಸೈನ್ಯದಲ್ಲಿರುವವನ ಹೆಸರು ಹಾಕಿದರೆ ನಿನಗೇ ತೊಂದರೆಯಾದೀತು, ರಾತ್ರಿ ಪಾಳಿಯ ಹಾಡುಗಳನ್ನು ಸೇನೆಯವರು ಹೇಗೆ ತೆಗೆದುಕೊಳ್ಳುತ್ತಾರೋ ಏನೋ ಎಂದು ಕಂಪನಿಯವರು ಹೇಳಿದರು.

ಬರೆ. ಬೈದಾದರೂ ಬರೆ.

ನಿವೆಸ್

ಶ್ಟಿಪ್
20 ಜೂನ್ 1982

ನಿವೆಸ್,

ನನಗೆ ತೊಂದರೆಯಾಗದಿರಲೆಂದು ಹೆಸರು ತೆಗೆದಿರಿ. ಕೃತಜ್ಞ. ಇಲ್ಲಿ ಏನಾಯಿತೆಂದು ಕೇಳು.

ಎರಡು ವಾರದ ಹಿಂದೆ ಶನಿವಾರ ಸಂಜೆ ಎಲ್ಲರೂ ಟೀವಿಯ ಮುಂದೆ ಕೂತಿದ್ದೆವು. ನೀನು ಬಂದೆ. ತುಟಿಗೆ ಅದೇನೋ ಕಪ್ಪು ಬಣ್ಣ ಹಚ್ಚಿಕೊಂಡಿದ್ದೆ. ಎಂಬತ್ತು ಜನ ಗಂಡಸರು ಉಸಿರು ಬಿಡದೆ ನೋಡಿದರು. ಹಾಡು ಮುಗಿದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ, ಇದನ್ನು ಬರೆದವನು ನಾನು ಎಂದೆ. ಯಾರೂ ನಂಬಲಿಲ್ಲ. ನೀನು ಕಳಿಸಿದ್ದ ರೆಕಾರ್ಡನ್ನು ಓಡಿಹೋಗಿ ತಂದೆ. ಎಂಥ ಮೂರ್ಖ ನಾನು. ಒಬ್ಬ ಅದನ್ನು ಕಿತ್ತುಕೊಂಡು ಹೊದಿಕೆಯ ಚಿತ್ರ ನೋಡಿದ. ನೀನು, ಎರ್ವಿನ್, ಬೆಪೊ, ಹಿಂದೆ ಕ್ರೇನು. "ಎಲ್ಲಪ್ಪ ಇದೀಯ ಇದ್ರಲ್ಲಿ? ಕ್ರೇನ್ ಮೇಲೆ ಕೂತಿದೀಯಾ?" ಎಂದ.

ಅಂದಿನಿಂದ ನನ್ನ ಹೆಸರು ಕವಿ. ರೇಡಿಯೊದಲ್ಲಿ ಯಾವ ಹಾಡು ಬಂದರೂ, ಹಳ್ಳಿಯ ಮದುವೆ ಹಾಡಾಗಲಿ, ಸಾಬೂನಿನ ಜಾಹೀರಾತಾಗಲಿ, "ಏ ಕವಿ, ಇದನ್ನೂ ನೀನೇ ಬರೆದ್ಯಾ?" ಎನ್ನುತ್ತಾರೆ. ಕಳೆದ ವಾರ ಧ್ವಜ ಏರಿಸುವಾಗ ರಾಷ್ಟ್ರಗೀತೆ ಶುರುವಾಯಿತು, ಹಿಂದಿನಿಂದ ಯಾರೋ ಅದನ್ನೇ ಕೇಳಿದರು. ಸಾಲಿಗೆ ಸಾಲೇ ನಕ್ಕಿತು. ಕ್ಯಾಪ್ಟನ್ ಕಾರಣ ವಿಚಾರಿಸಿದ, ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರು. ಮೂರು ದಿನ ಕತ್ತಲ ಕೋಣೆ. ರಾಸಿಮ್ ಒಬ್ಬ ನಗಲಿಲ್ಲ. ಆದರೆ ಅವನೂ ಒಂದು ದಿನ ಪಕ್ಕಕ್ಕೆ ಕರೆದು, "ನಂಗೊಬ್ನಿಗೆ ನಿಜ ಹೇಳು, ಆ ಹುಡುಗಿ ಗೊತ್ತಾ ನಿಂಗೆ?" ಎಂದು ಕೇಳಿದ.

ಗೊತ್ತಿಲ್ಲ ಎಂದೆ.

ಇನ್ನೊಂದು ಮಾತು. ಮಾರ್ಚಿನಲ್ಲಿ ಗುರಿ ಹೊಡೆಯುವುದರಲ್ಲಿ ಗೆದ್ದೆನೆಂದು ನನಗೆ ಒಂದು ವಾರ ರಜೆ ಕೊಟ್ಟಿದ್ದರು. ನಿಮ್ಮನ್ನು ಬೆಚ್ಚಿಬೀಳಿಸೋಣವೆಂದು ಹೇಳದೆ ಬಂದೆ. ನೆಲಮಾಳಿಗೆಗೆ ಬೀಗ. ಬೀಗಕ್ಕೆ ಜೇಡ ಬಲೆ ಕಟ್ಟಿತ್ತು. ಮಾರಿಯುಚಾ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಅಯ್ಯೋ ಮಗ, ಅವ್ರೆಲ್ಲ ಕ್ರಿಸ್ಮಸ್ ಆದಾಗಿಂದ ಜಾಗ್ರೆಬಲ್ಲಿ ರೆಕಾರ್ಡ್ ಮಾಡ್ತಿದಾರಲ್ಲ, ನೀನ್ಯಾಕೆ ಹೋಗಿಲ್ಲ?" ಎಂದಳು. ಬಿಸಿ ಬ್ರೆಡ್ಡು ಕೊಟ್ಟಳು. ಅದನ್ನು ಹಿಡಿದುಕೊಂಡು ಬಂದರಿನ ಕಟ್ಟೆಯ ಮೇಲೆ ಕೂತಿದ್ದೆ. ಅಮ್ಮನಿಗೂ ಏನೂ ಹೇಳಲಿಲ್ಲ. ಶಿಬಿರಕ್ಕೆ ಮರಳಿದ ಮೇಲೆ ಅಭ್ಯಾಸ ನಡೆಯಿತೇ ಎಂದು ಕೇಳಿ ನಿನಗೆ ಬರೆದೆ. ನೀನು ಉತ್ತರ ಕೊಟ್ಟೆ. ಪ್ರತಿ ಮಂಗಳವಾರ.

ಅದಾದ ಮೇಲೆ ಆಲ್ಬಮ್ಮಿನ ದುಃಖ ನನಗೆ ಅಷ್ಟಾಗಿ ಇಲ್ಲ.

ಲಿವಿಯೊ ಸುಪೆರಿನಾ

ರಿಯೆಕಾ
6 ಜುಲೈ 1982

ಲಿವಿಯೊ,

ನಿನ್ನ ಪತ್ರ ಓದಿ ಎರಡು ದಿನ ಅತ್ತೆ. ಮೂರನೆಯ ದಿನ ಸಿಟ್ಟು ಬಂತು. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಸುಳ್ಳು ಹೇಳಿದೆ, ನಿಜ. ಹೇಳಿದ್ದರೆ ಏನು ಮಾಡುತ್ತಿದ್ದೆ? ಬೇಡ ಎನ್ನುತ್ತಿದ್ದೆ. ನೀನು ಬೇಡ ಎಂದರೆ ಆ ನೆಲಮಾಳಿಗೆಯಲ್ಲಿ ಎಲ್ಲರೂ ಬೇಡ ಎನ್ನಬೇಕಿತ್ತು, ನಾಲ್ಕು ವರ್ಷ ಹಾಗೆಯೇ ನಡೆಯಿತು. ನನ್ನ ಬೆರಳು ಎಲ್ಲಿರಬೇಕೆಂದು ನೀನು ಬರೆದುಕೊಟ್ಟೆ. ಸೈನ್ಯಕ್ಕೆ ಹೋಗುವಾಗಲೂ ಬರೆದುಕೊಟ್ಟೆ. ನನಗೆ ಹಾಡಲು ಬರುತ್ತದೆಯೇ ಎಂದು ಒಂದು ದಿನ ಕೇಳಿದೆಯಾ? ನನಗೂ ಗೊತ್ತಿರಲಿಲ್ಲ. ಗಂಟಲು ಕಟ್ಟಿಹೋದಾಗ ಗೊತ್ತಾಯಿತು, ಅದೂ ಗುರುತಿಲ್ಲದವನೊಬ್ಬ ಹೇಳಿದ್ದಕ್ಕೆ.

ಅವರು ನಿನ್ನನ್ನು ಕೂಡಿಹಾಕಿದ್ದು ಕೇಳಿ ನನಗೂ ಸಂಕಟವಾಗುತ್ತದೆ. ಆದರೆ ಪದ ಬದಲಿಸಿದ್ದು ನಾನಲ್ಲ, ವ್ಲಾತ್ಕೊ. ಅದನ್ನು ನನ್ನ ತಲೆಗೆ ಕಟ್ಟಬೇಡ.

ಕಂಪನಿಯವರು ಎರಡನೆಯ ಆಲ್ಬಮ್ ಕೇಳುತ್ತಿದ್ದಾರೆ. ನಮ್ಮಲ್ಲಿ ಹಾಡಿಲ್ಲ. ಎರ್ವಿನ್ ಬರೆದದ್ದನ್ನು ಕೇಳಿದರೆ ನಿನ್ನ ಕೋಪವೆಲ್ಲ ಇಳಿದುಹೋದೀತು. ನಿನ್ನ ಹತ್ತಿರ ಇದ್ದರೆ ಕಳಿಸು. ಈ ಸಲ ನಿನ್ನ ಹೆಸರು ಎಲ್ಲಕ್ಕಿಂತ ಮೇಲೆ ಇರುತ್ತದೆ, ಇದನ್ನು ನಾನು ಹೇಳುತ್ತಿದ್ದೇನೆ, ಎರ್ವಿನ್ ಅಲ್ಲ.

ನಿವೆಸ್

ರಿಯೆಕಾ
5 ಜನವರಿ 1983

ಲಿವಿಯೊ,

ಜುಲೈಯಿಂದ ನಾಲ್ಕು ಪತ್ರ ಬರೆದೆ, ಒಂದಕ್ಕೂ ಉತ್ತರವಿಲ್ಲ. ನೀನು ಸೈನ್ಯದಿಂದ ಬಿಡುಗಡೆಯಾಗಿ ಬರುತ್ತಿದ್ದೀಯೆಂದು ನಿಮ್ಮಮ್ಮನಿಂದ ತಿಳಿಯಿತು. ಇಪ್ಪತ್ತೊಂಬತ್ತಕ್ಕೆ ನಮ್ಮೂರಲ್ಲೇ, ದೊಡ್ಡ ಸಭಾಂಗಣದಲ್ಲಿ ಹಾಡುತ್ತಿದ್ದೇವೆ. ಬಾಗಿಲಲ್ಲಿ ನಿನ್ನ ಹೆಸರು ಹೇಳಿಟ್ಟಿದ್ದೇನೆ. ನೀನು ವೇದಿಕೆಗೆ ಬಂದರೆ ನಾನು ಪಕ್ಕಕ್ಕೆ ಸರಿಯುತ್ತೇನೆ. 'ಮೆಲ್ಲಗೆ' ನೀನೇ ಹಾಡು. ಬೇಕಾದರೆ ಕಿರುಚು.

ನಿವೆಸ್

ಒಪಾತಿಯಾ
3 ಜುಲೈ 1983

ನಿವೆಸ್,

ಬಸ್ಸಿನಲ್ಲಿ ಬಂದರೆ ಅರ್ಧ ಗಂಟೆಯ ದಾರಿ. ಆದರೂ ಪತ್ರವೇ ಬರೆಯುತ್ತಿದ್ದೇನೆ. ಎದುರು ಬಂದರೆ ಇಷ್ಟು ಹೇಳಲಾಗುವುದಿಲ್ಲ.

ಜನವರಿಯಲ್ಲಿ ನೀವು ಇಲ್ಲಿ ಸಭಾಂಗಣದಲ್ಲಿ ಹಾಡಿದ ದಿನ ನಾನು ಬಂದಿದ್ದೆ. ಬಾಗಿಲಲ್ಲಿ ಹೆಸರು ಹೇಳಲಿಲ್ಲ, ಟಿಕೆಟ್ಟು ಕೊಂಡು ಒಳಗೆ ಹೋದೆ. ಅಮ್ಮನನ್ನೂ ಕರೆದುಕೊಂಡು ಬಂದಿದ್ದೆ. ಹಿಂದುಗಡೆ ಕಂಬದ ಹತ್ತಿರ ನಿಂತಿದ್ದೆವು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದರು. 'ಮೆಲ್ಲಗೆ' ಶುರುವಾದಾಗ ಒಬ್ಬೊಬ್ಬರಾಗಿ ಸುಮ್ಮನಾದರು. ಎರಡನೆಯ ಚರಣಕ್ಕೆ ಇಡೀ ಸಭಾಂಗಣ ನಿನ್ನ ಜೊತೆ ಪಿಸುಗುಟ್ಟಿತು. ಸಾವಿರಾರು ಜನ ಪಿಸುಗುಟ್ಟಿದರೆ ಹೇಗಿರುತ್ತದೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಅಮ್ಮ ಗಮನವಿಟ್ಟು ಕೇಳಿದಳು. ಹೊರಗೆ ಬಂದ ಮೇಲೆ, "ಹುಡುಗಿ ಚೆನ್ನಾಗಿ ಹಾಡ್ತಾಳೆ ಕಣೋ" ಎಂದಳು. ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು: "ಆ ಮಲಗಿರೋನು ಯಾರು?"

ಯಾರೋ ಪ್ರಿಯಕರ ಇರಬೇಕು ಎಂದೆ.

ವಸಂತದಲ್ಲಿ ಎರ್ವಿನ್ ಸಿಕ್ಕಿದ್ದ. ಕುಡಿದಿದ್ದ, ಅಪ್ಪಿಕೊಂಡು ಅತ್ತ. ಪದದ ವಿಷಯ ಅವನೇ ಎತ್ತಿದ. ವ್ಲಾತ್ಕೊ 'ಅಪ್ಪ' ಎಂದೇ ಇರಲಿ ಎಂದಿದ್ದನಂತೆ, ಹಟ ಹಿಡಿದು ಬದಲಿಸಿದ್ದು ನೀನಂತೆ. ನನ್ನ ಪತ್ರವನ್ನು ಓದಿದ ಮೇಲೆ, ಅಪ್ಪ ಯಾರು, ಅಡುಗೆಮನೆ ಯಾವುದು ಎಂದೆಲ್ಲ ತಿಳಿದ ಮೇಲೆ ಬದಲಿಸಿದೆ. "ಅಪ್ಪ ಅಂದ್ರೆ ಅದು ಲಿವಿಯೊನ ಹಾಡು, ಅವನು ಅಂದ್ರೆ ಎಲ್ರದ್ದೂ" ಎಂದೆಯಂತೆ.

ಇದನ್ನು ಕೇಳಿ ತುಂಬ ದಿನ ನಿನ್ನನ್ನು ದ್ವೇಷಿಸಿದೆ. ದ್ವೇಷಿಸುವುದಕ್ಕೆ ಅನುಕೂಲವಾಗಲೆಂದು ಆ ರೆಕಾರ್ಡನ್ನು ಮತ್ತೆ ಮತ್ತೆ ಕೇಳಿದೆ. ಎಲ್ಲಿ ಕೆಟ್ಟಿದೆ, ಎಲ್ಲಿ ಸೋತಿದೆ ಎಂದು ಹುಡುಕಿದೆ. ಎಲ್ಲೂ ಇಲ್ಲ. ರಟ್ಟಿನ ಪೆಟ್ಟಿಗೆಯೂ ಸರಿ, ಎರ್ವಿನ್‌ನ ನಾಲ್ಕು ಸ್ವರವೂ ಸರಿ, ನೀನು ಬದಲಿಸಿದ ಪದವೂ ಸರಿ. ನಾನು ಕಿರುಚಿದ್ದರೆ ಆ ಸಭಾಂಗಣದಲ್ಲಿ ಯಾರೂ ಸುಮ್ಮನಾಗುತ್ತಿರಲಿಲ್ಲ, ನಾಲ್ಕು ಜನ ಚಪ್ಪಾಳೆ ತಟ್ಟಿ ಬಿಯರ್ ಕುಡಿಯಲು ಹೋಗುತ್ತಿದ್ದರು. ನೀವು ಅದನ್ನು ಹಾಳು ಮಾಡಿದ್ದಿದ್ದರೆ ಇಷ್ಟು ಹೊತ್ತಿಗೆ ಕ್ಷಮಿಸಿರುತ್ತಿದ್ದೆ. ಚೆನ್ನಾಗಿ ಮಾಡಿದಿರಿ. ಅದನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ, ಮುಂದೆಯೂ ಆಗುವುದಿಲ್ಲ ಅನಿಸುತ್ತದೆ.

ಎರಡನೆಯ ಆಲ್ಬಮ್ಮಿಗೆ ಹಾಡು ಕೇಳಿ ಮತ್ತೆ ಬರೆಯಬೇಡ. ನನ್ನ ಹತ್ತಿರ ಹಾಡಿಲ್ಲ. ಕೂತರೆ ನಿನ್ನ ದನಿಯೇ ಕೇಳುತ್ತದೆ, ಅದಕ್ಕೆ ಸರಿಯಾಗಿ ಪದ ಜೋಡಿಸುತ್ತಿರುತ್ತೇನೆ, ತಿಳಿದ ಕೂಡಲೇ ಎದ್ದುಬಿಡುತ್ತೇನೆ.

ಈಗ ಇಲ್ಲೊಂದು ಹೋಟೆಲಿನ ಜಗುಲಿಯಲ್ಲಿ ಪಿಯಾನೊ ನುಡಿಸುತ್ತೇನೆ. ಜರ್ಮನ್ ಪ್ರವಾಸಿಗರು ಊಟ ಮಾಡುತ್ತಿರುತ್ತಾರೆ, ನಾವು ಅವರಿಗೆ ಹಳೆಯ ಟ್ಯಾಂಗೋ ನುಡಿಸುತ್ತಿರುತ್ತೇವೆ. ಹಾಡುವವಳು ಝೊರಿತ್ಸಾ, ಕಾರ್ಲೊವಾಟ್ಸ್ ಊರಿನವಳು, ಹೊಸಬಳು. ಮೊನ್ನೆ ಮಾರಿಬೊರ್‌ನಿಂದ ಬಂದ ಹೊಸ ಗಂಡಹೆಂಡಿರು 'ಮೆಲ್ಲಗೆ' ಹಾಡು ಬೇಕೆಂದು ಚೀಟಿ ಕಳಿಸಿದರು. ಝೊರಿತ್ಸಾ ನನ್ನ ಕಡೆ ಬಗ್ಗಿ, ಇದು ನಿಮಗೆ ಗೊತ್ತಾ ಎಂದು ಕೇಳಿದಳು. ಗೊತ್ತಿಲ್ಲ, ಹೇಳಿಕೊಡು ಎಂದೆ. ಪಕ್ಕದಲ್ಲಿ ನಿಂತು ಒಂದೊಂದೇ ಸ್ವರ ಹೇಳಿಕೊಟ್ಟಳು. ಒಂದು ಕಡೆ ತಪ್ಪು ಹೇಳಿದಳು. ನಾನು ತಿದ್ದಲಿಲ್ಲ, ಅವಳು ಹೇಳಿದ ಹಾಗೆಯೇ ನುಡಿಸಿದೆ.

ಲಿವಿಯೊ